ಒಂದನೇ ನಂಬರಿನ ಬಿಲ್ಲೆ

ನನ್ನ ಗಂಡ ನವನೀತ್ ಅವರಿಗೆ ಧೂಳೆಂದರೆ ಆಗಿಬರುವುದಿಲ್ಲ. ಮಂಡ್ಯದ ಕಡೆಯಿಂದ ಬಂದು ಕೆಜಿಎಫ್‌ನ ಫ್ಯಾಕ್ಟರಿಗೆ ಸೇರಿ ಹದಿನೇಳು ವರ್ಷವಾಯಿತು. ಅಷ್ಟೂ ವರ್ಷ ಆಷಾಢದ ಗಾಳಿಗೆ ಹಳೇ ಚಿನ್ನದ ಗಣಿಯ ಸಯನೈಡ್ ದಿಬ್ಬಗಳಿಂದ ಎದ್ದು ಬರುವ ಬಿಳಿಧೂಳಿನ ಮೇಲೆ ಯುದ್ಧ ಹೂಡಿದ್ದಾರೆ. ಕ್ವಾರ್ಟರ್ಸಿನ ಕಿಟಕಿಗೆ ಟೇಪು, ಬಾಗಿಲ ಸಂದಿಗೆ ಹಳೇ ಸೀರೆ, ತೂತು ಕಂಡಲ್ಲೆಲ್ಲ ಎಂಸೀಲ್ ಅಂಟು. ಇಲ್ಲಿ ಎಲ್ಲರ ಮನೆಯಲ್ಲೂ ಇಷ್ಟೇ, ಇವರದು ಒಂದು ಕೈ ಹೆಚ್ಚು. ನಮ್ಮ ಮನೆಗೆ ಇರುವೆ ಬಂದರೂ ಬಾಗಿಲು ತಟ್ಟಿಯೇ ಬರಬೇಕು.

ಅಂಥವರು ಗಾಡಿ ಮಾಡಿಸಿದರೆ ಕೇಳಬೇಕೇ? ಬಂಗಾರಪೇಟೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಟೆಂಪೊ ಟ್ರಾವೆಲರ್ ತಂದು, ಊರಿಗಾಂನ ಮೆಕ್ಯಾನಿಕ್ ಸೆಲ್ವರಾಜ್‌ನ ಶೆಡ್ಡಿನಲ್ಲಿ ಎಂಟು ತಿಂಗಳು ನಿಲ್ಲಿಸಿ ಅದನ್ನೊಂದು ಮನೆ ಮಾಡಿದರು. ಎರಡು ಮಂಚ, ಒಂದು ಒಲೆ, ನೀರಿನ ಟ್ಯಾಂಕು, ಹಿಂದುಗಡೆ ಪುಟ್ಟ ಕಕ್ಕಸು. ಆ ಕಕ್ಕಸಿನ ಸಲುವಾಗಿಯೇ ಇಷ್ಟೆಲ್ಲ. ನಮ್ಮತ್ತೆ ಕೆಂಪಮ್ಮನಿಗೆ ಎಪ್ಪತ್ನಾಲ್ಕು ವರ್ಷ. ಸಾಯುವುದರೊಳಗೆ ಸಮುದ್ರ ನೋಡಬೇಕೆಂಬ ಆಸೆ. ಆದರೆ ಮುಕ್ಕಾಲು ಗಂಟೆಗೊಮ್ಮೆ ಎದ್ದು ಹೋಗಬೇಕು, ಯಾವ ಬಸ್ಸಿನವನು ನಿಲ್ಲಿಸುತ್ತಾನೆ? ಜೊತೆಗೆ ಕಿವಿ ಪೂರ್ತಿ ಹೋಗಿದೆ, ಎದುರಿಗೆ ನಿಂತು ತುಟಿ ಆಡಿಸಿದರೆ ಮಾತ್ರ ತಿಳಿಯುತ್ತದೆ. ಗುರುವಾರ ಬೆಳಿಗ್ಗೆ ಮುರುಡೇಶ್ವರಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು.

ಸೆಲ್ವರಾಜ್‌ನ ಅಪ್ಪ, ತಾತ ಇಬ್ಬರೂ ಗಣಿಯಲ್ಲಿದ್ದವರು. ಇಳಿಯುವವರು ಮೇಲೆ ತಮ್ಮ ನಂಬರಿನ ಬಿಲ್ಲೆ ಬಿಟ್ಟು ಇಳಿಯುತ್ತಿದ್ದರಂತೆ, ಹತ್ತಿ ಬಂದ ಮೇಲೆ ಎತ್ತಿಕೊಳ್ಳುತ್ತಿದ್ದರಂತೆ. ಬಿಲ್ಲೆ ಉಳಿದಿದೆ ಎಂದರೆ ಒಳಗೆ ಮನುಷ್ಯ ಉಳಿದಿದ್ದಾನೆ. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ಅವನ ಶೆಡ್ಡಿನಲ್ಲಿ ಗಾಡಿಯ ಕೆಳಗೆ ನುಗ್ಗುವವರು ಮೊದಲು ಮೊಳೆಗೆ ಬಿಲ್ಲೆ ಹಾಕಬೇಕು, ಅದು ನೇತಾಡುವಷ್ಟು ಹೊತ್ತು ಯಾರೂ ಚಾವಿ ತಿರುಗಿಸುವಂತಿಲ್ಲ. ನಮ್ಮ ಗಾಡಿಯ ಬಾಗಿಲ ಪಕ್ಕದಲ್ಲೂ ಹೊರಗಡೆ ಒಂದು ಮೊಳೆ ಹೊಡೆದು, ಒಳಗೆ ಹೋಗುವವರು ಹಾಕಿ ಹೋಗಲಿ ಎಂದು ತಗಡಿನ ಮೂರು ಬಿಲ್ಲೆ ಕತ್ತರಿಸಿ ಕೊಟ್ಟ. ಒಂದನೇ ನಂಬರು ಅತ್ತೆಗೆ.

ಕಳೆದ ಶನಿವಾರ ಗಾಡಿಯ ಕಾಗದಪತ್ರ ತರಲು ನಾನೊಬ್ಬಳೇ ಹೋಗಿದ್ದಾಗ ಅವನು ಒಲೆಯ ಕೆಳಗೆ ಸಿಲಿಂಡರ್ ಇಡುವ ಗೂಡು ತೆಗೆದು, ನೆಲದಲ್ಲಿದ್ದ ತೂತು ತೋರಿಸಿದ. "ಅಕ್ಕಾ, ಗ್ಯಾಸ್ ಲೀಕಾದ್ರೆ ಮೇಲ್ಕ್ ಓಗಲ್ಲ, ಕೆಳಗಡೆ ಇಳೀತದೆ. ಅದು ಆಚೆ ಓಗಕ್ಕೇ ಈ ತೂತು. ಮುಚ್ಬಾರ್ದು ಅಂತ ಸಾರ್‌ಗೆ ಯೋಳ್ಬುಡಿ."

ನನ್ನ ತಲೆ ಬೇರೆ ಕಡೆ ಇತ್ತು. ಮನೆಗೆ ಬಂದವಳು ಸೆಲ್ವರಾಜ್‌ನ ಬಿಲ್ಲೆಯ ಹುಚ್ಚನ್ನು ಆಡಿಕೊಂಡು ನಕ್ಕೆ, ಹೇಳಬೇಕಾದ್ದನ್ನು ನುಂಗಿಬಿಟ್ಟೆ.

ಸೋಮವಾರ ಗಾಡಿ ನಮ್ಮ ಅಂಗಳಕ್ಕೆ ಬಂತು. ಬುಧವಾರ ಬೆಳಿಗ್ಗೆಯೇ ಅತ್ತೆಯಿಂದ ಮಂಗಳಾರತಿಯಾಯಿತು. "ಬೆಂಕಿಪೊಟ್ಣವ ಸಿಂಕ್ ಪಕ್ಕ ಮಡಗ್ಬ್ಯಾಡ ಅಂತ ಎಷ್ಟ್ ಕಿತ ಯೋಳ್ಲಿ ಬಿಂದು? ಕಡ್ಡಿಯೆಲ್ಲ ತ್ಯಾವ." ಒಲೆಗೆ ಲೈಟರ್ ಇದೆ, ಇರುವ ಒಂದು ಪೊಟ್ಟಣ ಇವರ ದೀಪಕ್ಕೆ ತಾನೇ, ಇವರೇ ಜೋಪಾನ ಮಾಡಿಕೊಳ್ಳಲಿ ಎಂದು ಮನಸ್ಸಿನಲ್ಲೇ ಗೊಣಗಿದೆ. ಮಧ್ಯಾಹ್ನ ಗಾಡಿಯ ಪೂಜೆಗೆ ಬೂದುಗುಂಬಳ, ನಿಂಬೆಹಣ್ಣು ತರಲು ರಾಬರ್ಟ್‌ಸನ್‌ಪೇಟೆಗೆ ಹೋದೆ.

ಮೂರು ಗಂಟೆಗೆ ಆಟೊ ಇಳಿದಾಗ ನವನೀತ್ ಗಾಡಿಯ ಆಚೆ ಬದಿಯ ಚಕ್ರಗಳ ಗಾಳಿ ನೋಡುತ್ತಿದ್ದರು. ತುಂಬಿಸಬೇಕಾದ ಪಾತ್ರೆಪಗಡಿಯ ಕ್ರೇಟು ಅಂಗಳದಲ್ಲೇ ಇತ್ತು.

"ಒಲೆ ಕನೆಕ್ಷನ್ ಮುಗೀತು. ಇನ್ನು ಒಂದು ಕಾಳು ಧೂಳು ಒಳಕ್ಕೆ ಬರಲಿ ನೋಡೋಣ," ಎಂದರು ಹೆಮ್ಮೆಯಿಂದ. "ಆ ಸೆಲ್ವರಾಜ್ ಸಿಲಿಂಡರ್ ಗೂಡಲ್ಲಿ ತೂತು ಬಿಟ್ಬಿಟ್ಟಿದ್ದ ಕಣೆ. ಈಗಿನ್ನೂ ಒಂದು ಗಂಟೆ ಆಯ್ತು, ಅದಕ್ಕೂ ಎಂಸೀಲ್ ಹಾಕ್ದೆ."

ಶನಿವಾರದ ಮಾತು ನೆನಪಾಯಿತು. ಗಾಡಿಯ ಬಾಗಿಲ ಬಳಿ ಹೋದೆ. ಸಂದಿಗೆ ಮೂಗಿಟ್ಟರೆ ಗ್ಯಾಸಿನ ವಾಸನೆ, ಸಣ್ಣಗೆ.

"ರೀ, ಅತ್ತೆ ಎಲ್ಲಿ?"

"ಮನೇಲಿ ಮಲಗಿರಬೇಕು."

ಇರಲಿಲ್ಲ. ಬಾಗಿಲ ಪಕ್ಕದ ಮೊಳೆಯಲ್ಲಿ ಒಂದನೇ ನಂಬರಿನ ಬಿಲ್ಲೆ ನೇತಾಡುತ್ತಿತ್ತು.

ನಾನು ಆಡಿಕೊಂಡಿದ್ದ ಬಿಲ್ಲೆ ಅದು. ಹಿಡಿ ಎಳೆದೆ, ಒಳಗಿನಿಂದ ಚಿಲಕ ಹಾಕಿತ್ತು. ಕೂಲಿಂಗ್ ಪೇಪರ್ ಅಂಟಿಸಿದ ಗಾಜಿಗೆ ಹಣೆಯೊತ್ತಿ ನೋಡಿದರೆ ಮಸುಕು ಮಸುಕಾಗಿ ಕಂಡರು. ದೇವರ ಪಟದ ಮುಂದೆ ನಮಗೆ ಬೆನ್ನು ಹಾಕಿ ಕೂತಿದ್ದರು. ಪಕ್ಕದಲ್ಲಿ ಆರತಿ ತಟ್ಟೆ. ಗಾಳಿಗೆ ಕರ್ಪೂರ ಆರಬಾರದೆಂದು ಬಾಗಿಲು ಹಾಕಿಕೊಂಡಿದ್ದಾರೆ.

ನನಗೆ ಹೆದರಿಕೆಯಾಯಿತು. ಅಂಥ ಹೆದರಿಕೆ ಹೆರಿಗೆ ಕೋಣೆಯಲ್ಲೂ ಆಗಿರಲಿಲ್ಲ. ಅವ್ವಾ ಎಂದು ಕೂಗುತ್ತ ನವನೀತ್ ಬಾಗಿಲು ಗುದ್ದಿದರು. ಕಿವುಡಿಗೆ ಕೂಗಿ ಏನು ಪ್ರಯೋಜನ? ಒಳಗೆ ಲೈಟು ಮಿನುಗಿದರೆ ತಿರುಗಿ ನೋಡಲಿ ಎಂದು ಅವ್ವನಿಗಾಗಿಯೇ ಹಾಕಿಸಿದ್ದ ಕರೆಗಂಟೆಯ ಗುಂಡಿಗೆ ಅವರು ಕೈ ಹಾಕಿದಾಗ, ಆ ಕೈಗೆ ಬಲವಾಗಿ ಹೊಡೆದೆ.

"ಕಿಡಿ ಹಾರುತ್ತೆ," ಎಂದೆ. ಗಾಜು ಒಡೆಯಲು ಸ್ಪ್ಯಾನರ್ ಎತ್ತಿಕೊಂಡವರು ಅದನ್ನೂ ಕೆಳಗೆ ಬಿಟ್ಟರು.

ಕ್ರೇಟಿನಲ್ಲಿ ಮುದ್ದೆ ಕೋಲು ಕಾಣಿಸಿತು. ಮರದ್ದು. ಅದನ್ನು ಹಿಡಿದು ಗಾಡಿಯ ಕೆಳಗೆ ನುಗ್ಗಿದೆ. ಬೆನ್ನಿಗೆ ಜಲ್ಲಿ ಚುಚ್ಚುತ್ತಿತ್ತು. ಮೇಲೆ ಇನ್ನೂ ಗಟ್ಟಿಯಾಗದ ಎಂಸೀಲಿನ ಬಿಲ್ಲೆ. ಒಂದು ಸಲ ತಿವಿದೆ, ಎರಡು ಸಲ, ಮೂರನೆಯದಕ್ಕೆ ಅದು ಮೇಲಕ್ಕೆ ಹಾರಿತು. ಗ್ಯಾಸಿನ ನಾತ ಮುಖದ ಮೇಲೆ ಇಳಿದು ಕಣ್ಣು ಉರಿಯಿತು. ಇಷ್ಟೊಂದು ಗ್ಯಾಸಿನ ನಡುವೆ ಅವರು ಕೂತಿದ್ದಾರೆ, ಕೈಯಲ್ಲಿ ಬೆಂಕಿಪೊಟ್ಟಣವಿದೆ, ಕಡ್ಡಿ ಈಗ ಗೀರುತ್ತಾರೆ, ಈಗ ಗೀರುತ್ತಾರೆ. ಅತ್ತೆಗೆ ಎದುರಾಡಿದ್ದೆಲ್ಲ ಒಟ್ಟಿಗೆ ನೆನಪಾಯಿತು. ಅವರು ಕೂತ ಜಾಗ ಅಂದಾಜು ಮಾಡಿ, ಅವರ ಕಾಲ ಕೆಳಗಿನ ಹಲಗೆಗೆ ಕೋಲಿನಿಂದ ಕುಟ್ಟಿದೆ. ಕಿವಿ ಹೋದವರಿಗೂ ಅಂಗಾಲು ಇರುತ್ತದೆ. ಅಳುತ್ತ ಕುಟ್ಟುತ್ತಲೇ ಇದ್ದೆ.

ಚಿಲಕ ಸರಿದ ಸದ್ದು ಕೇಳಿತು.

"ಯಾರ್ಲಾ ಅದು, ನೆಲ ಕುಟ್ತಿರೋದು?"

ನವನೀತ್ ಅವ್ವನನ್ನು ಮಗುವಿನಂತೆ ಎತ್ತಿಕೊಂಡು ಅಂಗಳದಾಚೆಯ ಹುಣಸೆಮರದವರೆಗೆ ಓಡಿದರು. ಮರಳಿ ಬಂದು ಸಿಲಿಂಡರಿನ ತಿರುಪು ಮುಚ್ಚಿ, ಬಾಗಿಲು ಹಾರುಹೊಡೆದು ದೂರ ಬಂದು ಕುಕ್ಕರಿಸಿದರು. ಗ್ಯಾಸ್ ಪೈಪಿನ ಜಾಯಿಂಟು ನೋಡಲೇ ಇಲ್ಲ, ನೋಡಲೇ ಇಲ್ಲ ಎನ್ನುತ್ತಿದ್ದರು. ನಾನೂ ಶನಿವಾರದ ಮಾತನ್ನು ಆಗಲೇ ಹೇಳಬೇಕಿತ್ತು, ಈಗ ಹೇಳಿದೆ.

ಅತ್ತೆಗೆ ಏನೊಂದೂ ತಿಳಿದಿರಲಿಲ್ಲ. "ಒಸ ಗಾಡಿ ವಾಸ್ನೆ ಅಂತಿದ್ದೆ," ಎಂದು ಮೂಗು ಒರೆಸಿಕೊಂಡರು. ನಾನು ಅವರ ಎದುರು ಮಂಡಿಯೂರಿ, ತುಟಿ ಆಡಿಸಿ ಕೇಳಿದೆ, "ಅತ್ತೆ, ಕಡ್ಡಿ ಗೀರಿದ್ರಾ?"

ಅವರು ಮುಷ್ಟಿ ಬಿಚ್ಚಿದರು. ಪೊಟ್ಟಣದ ಜೊತೆಗೆ ಮೂರು ಕಡ್ಡಿಗಳು. ಮೂರರ ಮದ್ದೂ ಮೆತ್ತಗಾಗಿ ಉಜ್ಜಿಹೋಗಿತ್ತು.

"ಗೀರ್ದೆ ಕಣವ್ವ. ಒಂದೂ ಅತ್ಕೊಳ್ಳಿಲ್ಲ. ನಾಕ್ನೇದ ತಕ್ಕೊತಿದ್ದೆ, ನೀ ಕುಟ್ದೆ. ಸಿಂಕ್ ಪಕ್ಕ ಮಡಗ್ಬ್ಯಾಡ ಅಂತ ಎಷ್ಟ್ ಕಿತ ಯೋಳ್ಲಿ ನಿಂಗೆ?"

ಎದ್ದು ಹೋಗಿ ಮೊಳೆಯಿಂದ ಬಿಲ್ಲೆ ತೆಗೆದು ಅವರ ಅಂಗೈಗಿಟ್ಟೆ. ಇನ್ನು ಬೆಂಕಿಪೊಟ್ಟಣ ನೆನೆಸುವುದಿಲ್ಲ ಅತ್ತೆ ಎನ್ನಲು ಮಾತ್ರ ಬಾಯಿ ಬರಲಿಲ್ಲ.