ಮಸಿ ಮುಗಿದ ಬೆಳಗು

ಜಗತ್ತಿನ ವ್ಯವಹಾರವೆಲ್ಲ ನಿಂತುಹೋಗಬಹುದಾದ ಸಂಗತಿಯೊಂದು ಆ ಮುಂಜಾನೆ ಬಯಲಿಗೆ ಬಂತು: ಬೆಳಗಿನ ದೇವರ ಗುಡಿಯಲ್ಲಿ ಮಸಿ ಮುಗಿದಿತ್ತು.

"ಖಾಲಿ ಡಬ್ಬಿ ಹಿಡ್ಕೊಂಡು ಬಂದಿದೀಯಲ್ಲೇ, ದರಿದ್ರ ಮುಂಡೆ," ಎಂದ ಹಿರಿಯ ಪೂಜಾರಿ. "ಮಸಿ ಎಲ್ಲಿ?"

"ಒಲೆ ಹಚ್ಚಿದ್ರೆ ತಾನೆ ಸ್ವಾಮಿ, ಪಾತ್ರೆಗೆ ಮಸಿ ಹತ್ತೋದು," ಎಂದಳು ಮೆಟ್ಟಿಲು ಗುಡಿಸುವವಳು. "ನಿನ್ನೆ ಅವ್ರು ಸತ್ತಾಗಿಂದ ಹಚ್ಚಿಲ್ಲ."

ಅವರು ಎಂದರೆ ಅವಳ ಗಂಡ. ಊರಿನ ಪಾಲಿಗೆ ಅವನು ಇರುಳು. ದಿನಾ ಬೆಳಗಾಗುವ ಮುಂಚೆ ಮೈಗೆಲ್ಲ ಮಸಿ ಬಳಿದುಕೊಂಡು ಗುಡಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಪೂಜಾರಿ ಬೆತ್ತದಿಂದ ಬಾರಿಸಿದೊಡನೆ 'ಹೋದೆ, ಹೋದೆ' ಎಂದು ಕೂಗುತ್ತ ಮೆಟ್ಟಿಲಿಳಿದು ಓಡುತ್ತಿದ್ದ. ಆಮೇಲೆ ಪೂಜಾರಿ ಬಾಗಿಲು ತೆರೆದು ಗಂಟೆ ಬಾರಿಸಿದರೆ, ದೇವರು ಬೆಳಗು ಮಾಡುತ್ತಿದ್ದ. ಗಂಟೆಯಾಗುವವರೆಗೆ ಭಕ್ತರು ಕಣ್ಣು ತೆರೆಯುವಂತಿಲ್ಲ. ಇರುಳನ್ನು ಕೈಯಿಂದ ಮುಟ್ಟಿದವರು ಮರುದಿನದಿಂದ ತಾವೇ ಇರುಳಾಗಬೇಕು, ಮಕ್ಕಳು ಮೊಮ್ಮಕ್ಕಳ ಸಮೇತ. ಈ ನಿಯಮವನ್ನು ಯಾರೂ ಮುರಿದದ್ದಿಲ್ಲ. ಮಂಜಿಗೆ ಒದ್ದೆಯಾದ ಮೆಟ್ಟಿಲಲ್ಲಿ ಗಂಡ ಜಾರಿ ತಲೆ ಒಡೆದುಕೊಂಡ ದಿನವೂ ಮುರಿಯಲಿಲ್ಲ. ಮೇಲೆ ಪೂಜೆ ನಡೆಯಿತು, ಕೆಳಗೆ ಅವನು 'ಹೋದೆ' ಎನ್ನುತ್ತಲೇ ಇದ್ದ. ಪಾಪ, ಸುಳ್ಳು ಹೇಳುವವನಲ್ಲ. ಹೆಂಡತಿ ಹಿತ್ತಲಿನಿಂದ ಓಡಿಬರುವಷ್ಟರಲ್ಲಿ ಹೋಗಿದ್ದ.

"ನಿನ್ನ ಮೈದುನನ್ನ ಕರಿ," ಎಂದ ಹಿರಿಯ ಪೂಜಾರಿ. "ಇನ್ಮೇಲೆ ಅವನೇ ಇರುಳು."

"ಅವನ ಕಾಲು ಕುಂಟು ಸ್ವಾಮಿ. ಅದೇ ಮೆಟ್ಟಿಲಲ್ಲಿ ಅವನೂ ಬೀಳ್ತಾನೆ. ನಾನೇ ಕೂರ್ತೀನಿ."

"ಇರುಳು ಗಂಡಸಲ್ವಾ?" ಎಂದು ಕಿರಿಯ ಪೂಜಾರಿ ಅನುಮಾನ ತೆಗೆದ.

"ಹಾಗಾದ್ರೆ ನೀನೇ ಬಳ್ಕೊಳಯ್ಯ," ಎಂದ ಹಿರಿಯ.

ಶಾಸ್ತ್ರಚರ್ಚೆ ಅಲ್ಲಿಗೆ ಮುಗಿಯಿತು. ದೇವರ ದೀಪದ ಗೂಡಿನಿಂದಲೇ ಒಂದಿಷ್ಟು ಮಸಿ ಕೆರೆದು ಅವಳ ಮುಂದೆ ಎಸೆದರು. ಅವಳು ಬಳಿದುಕೊಂಡು ಬಾಗಿಲಿಗೆ ಒರಗಿ ಕೂತಳು. ಮೆಟ್ಟಿಲುಗಳ ಮೇಲೆ ಭಕ್ತರು ಕಣ್ಣು ಮುಚ್ಚಿದರು. ಬೆತ್ತ ಭುಜಕ್ಕೆ ಬಿತ್ತು.

ಕೆಳಗಿನ ಮೆಟ್ಟಿಲಿನಿಂದ ಯಾರೋ ಮೆಲ್ಲಗೆ ಅಂದ ಹಾಗಾಯಿತು: ಹೋದೆ.

"ಓಡೇ," ಎಂದ ಹಿರಿಯ ಪೂಜಾರಿ.

"ಕೇಳಿಸ್ತಾ ಸ್ವಾಮಿ?"

"ಏನೇ ಅದು?"

"ಅವ್ರು ಇನ್ನೂ ಅಲ್ಲೇ ಬಿದ್ದು ಕೂಗ್ತಿದಾರೆ. ಹೋಗಿ ಎತ್ತಿ. ಎತ್ತಿದ್ಮೇಲೆ ಏಳ್ತೀನಿ."

ಕಿರಿಯ ಪೂಜಾರಿ ಕತ್ತು ಹೊರಳಿಸಿ ಕೆಳಗೆ ನೋಡಿದ. ಆಮೇಲೆ ಆ ಕಡೆ ನೋಡಲಿಲ್ಲ.

"ತಲೆ ಕೆಟ್ಟಿದೆ ಇವಳಿಗೆ, ಬೋಸುಡಿಗೆ," ಎಂದು ಹಿರಿಯ ಮತ್ತೆ ಬೀಸಿದ. ಈ ಸಲ ಅವಳು ಬೆತ್ತದ ತುದಿ ಹಿಡಿದುಕೊಂಡಳು. ಅವನು ಎಳೆದ. ಅವಳು ಬಿಡದೆ, ಒಂದರ ಮುಂದೊಂದು ಕೈ ಹಾಕುತ್ತ ಬಂದಳು. ಮಸಿ ಬೆತ್ತದುದ್ದಕ್ಕೂ ಅವನ ಬೆರಳುಗಳತ್ತ ಬಂತು. ಇನ್ನೊಂದು ಗೇಣು ಉಳಿದಿರುವಾಗ ಅವನು ಕೈಬಿಟ್ಟ.

ಅವಳು ಬೆತ್ತವನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಬಾಗಿಲಿಗೆ ಒರಗಿದಳು.

ಅಷ್ಟರಲ್ಲಿ ಸೂರ್ಯ ಹುಟ್ಟಿದ. ಯಾರ ಅಪ್ಪಣೆಗೂ ಕಾಯಲಿಲ್ಲ. ಬಿಸಿಲು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕಣ್ಣು ಮುಚ್ಚಿ ನಿಂತವರ ಮುಖಗಳ ಮೇಲೆ ಬಿತ್ತು. ಎಲ್ಲರ ಹಣೆಯಲ್ಲೂ ಬೆವರು.

"ಯಾಕೋ ಇವತ್ತು ರಾತ್ರಿ ಸೆಕೆ ಜಾಸ್ತಿ," ಎಂದರು ಯಾರೋ.

"ಗಂಟೆ ಆಗ್ಲಿ, ಸುಮ್ನಿರಿ," ಎಂದರು ಪಕ್ಕದವರು.

ಆ ದಿನ ಬಾಗಿಲು ತೆರೆಯಲಿಲ್ಲ.