ಗಾಜಿನ ಮೇಲಿನ ವಿಭೂತಿ

ನಾನು ಒಂದು ಪೆಟ್ಟಿಗೆ. ಹುಟ್ಟಿದ್ದು ಕರೆಂಟ್ ಮೀಟರಿನ ಕಬ್ಬಿಣದ ಡಬ್ಬಿಯಾಗಿ. ಎರಡನೆಯ ಜನ್ಮ ಕೊಟ್ಟವನು ಧಾರವಾಡದ ಟಿವಿ ರಿಪೇರಿ ಬಸಲಿಂಗಪ್ಪ. ಮುಂದೆ ಗಾಜು ಕೂಡಿಸಿ, ಒಳಗೆ ಹಳೆಯ ಕ್ಯಾಮೆರಾ ಇಟ್ಟು, ಪಕ್ಕದ ತೂತಿನಲ್ಲಿ ಸೆನ್ಸರ್ ಬೆಸೆದ. ಎದುರಿಗೆ ಬಿಸಿ ಮೈಯ ಜೀವ ಸುಳಿದರೆ ಕ್ಲಿಕ್ ಎನ್ನುವುದು, ಆಮೇಲೆ ಸುಮ್ಮನಿರುವುದು. ನನ್ನ ಕಸುಬು ಇಷ್ಟೇ.

ಹಿತ್ತಲಿನ ಹಕ್ಕಿ, ಅಳಿಲುಗಳ ಚಿತ್ರದ ಹುಚ್ಚಿಗೆ ಅವನು ನನ್ನನ್ನು ಮಾಡಿದ್ದು. ಅವನ ತಾಯಿ ನೀಲವ್ವ ನನ್ನನ್ನು ಕೋಳಿಗೂಡಿನ ಕಡೆ ತಿರುಗಿಸಿದಳು. ತತ್ತಿಗಳು ಹಾಡಹಗಲೇ ಮಾಯವಾಗುತ್ತಿದ್ದವು. ಪಕ್ಕದ ಮನೆಯ ಕಾಶವ್ವನ ನಾಯಿಯ ಮೇಲೆ ಅವಳಿಗೆ ಗುಮಾನಿ. ಮೂವತ್ತು ವರ್ಷ ಬೇಲಿಯ ಕಂಡಿಯಲ್ಲಿ ರೊಟ್ಟಿ ಪಲ್ಯ ಕೊಟ್ಟು ತೆಗೆದುಕೊಂಡ ಗೆಳತಿಯರು ಮಾತು ಬಿಟ್ಟು ಹದಿನೈದು ದಿನವಾಗಿತ್ತು.

ನನ್ನನ್ನು ಕರಿಬೇವಿನ ಗಿಡಕ್ಕೆ ಕಟ್ಟಿದ್ದು ಖಂಡೇನವಮಿಯ ದಿನ. ಅಂದು ಮನೆಯ ಕಬ್ಬಿಣಕ್ಕೆಲ್ಲ ಪೂಜೆ. ಕುಡುಗೋಲು, ಈಳಿಗೆ, ಸ್ಕೂಟರ್ ಮುಗಿಸಿ ಮುದುಕಿ ನನ್ನ ಬಳಿಗೂ ಬಂದಳು. ಹಣೆ ಯಾವುದೆಂದು ಹುಡುಕಿ, ಗಾಜೇ ಇರಬೇಕೆಂದು ಮೂರು ಬೆರಳಿನ ವಿಭೂತಿ ಎಳೆದಳು. ಭಕ್ತಿ ಸ್ವಲ್ಪ ಜಾಸ್ತಿಯೇ ಆಯಿತು. ನನಗೆ ಲೋಕದ ಕೆಳಗಿನ ಅರ್ಧ ಕಾಣದಾಯಿತು.

ಮರುದಿನ ಬೆಳಿಗ್ಗೆ ಬಸಲಿಂಗಪ್ಪ ಚಿತ್ರ ತೆಗೆದು ತೋರಿಸಿದ. ಗೂಡಿನ ಮೇಲೆ ಬಗ್ಗಿದ ಕಾಶವ್ವನ ಮುಖ. ಕೈ ಇರಬೇಕಾದಲ್ಲಿ ಬರೀ ಬಿಳುಪು. ಆ ಕೈ ಏನು ಮಾಡಿತೆಂದು ನನಗೂ ಗೊತ್ತಿರಲಿಲ್ಲ.

"ನಾಯಿ ಅಲ್ಲೋ, ಆಕೀನ ಕಳ್ಳಿ," ಎಂದಳು ನೀಲವ್ವ. "ಇವತ್ತ ಓಣಿಗೆಲ್ಲಾ ಬನ್ನಿ ಕೊಡ್ತೀನಿ, ಆಕಿಗಿ ಕೊಡಂಗಿಲ್ಲ."

ಎಂಥ ಮುನಿಸಿದ್ದರೂ ದಸರೆಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ಮರೆಯುವುದು ಈ ಕಡೆಯ ವಾಡಿಕೆ. ಅದೂ ಇಲ್ಲವೆಂದರೆ ಸಂಬಂಧ ಮುಗಿದಂತೆಯೇ.

ಮಗ ಗಾಜು ಒರೆಸಲು ಬಂದ. ಪೂಜೆಯ ವಿಭೂತಿ ಅಳಿಸಬಾರದೆಂದು ತಾಯಿ ತಡೆದಳು. ಅವನು ಅದನ್ನು ಬೆರಳಿನಿಂದ ತೆಗೆದು ತನ್ನ ಹಣೆಗೇ ಹಚ್ಚಿಕೊಂಡ. ನನಗೆ ಗೂಡು ಪೂರ್ತಿ ಕಂಡಿತು.

ಮಧ್ಯಾಹ್ನದೊಳಗೆ ಎರಡು ಚಿತ್ರ ಸಿಕ್ಕವು. ಮೊದಲನೆಯದರಲ್ಲಿ ಕೊನೆಯ ತತ್ತಿಯನ್ನೂ ಕಚ್ಚಿಕೊಂಡು ಹೊರಟ ಮುಂಗುಸಿ. ಎರಡನೆಯದರಲ್ಲಿ ಕಾಶವ್ವ, ಸೆರಗಿನ ತತ್ತಿ ತೆಗೆದು ಖಾಲಿ ಗೂಡಿನಲ್ಲಿ ಇಡುತ್ತಿದ್ದಳು. ನೀಲವ್ವ ಹೋಗಿ ಕೈ ಹಾಕಿದಳು. ಎರಡು ತತ್ತಿ ಇದ್ದವು, ಅವಳ ಕೋಳಿಯವಲ್ಲ. ಮುಂಗುಸಿ ಇಷ್ಟು ದಿನ ಎರಡೂ ಮನೆಯ ಉಪ್ಪು ತಿಂದಿತ್ತು.

ಸಂಜೆ ನೀಲವ್ವ ಬನ್ನಿ ಹಿಡಿದು ಕಾಶವ್ವನನ್ನು ಕಂಡಿಯಿಂದ ಗೂಡಿನ ಬಳಿಗೆ ಕರೆದಳು. ತತ್ತಿ ಯಾಕೆ ಇಡುತ್ತಿದ್ದೆ ಎಂದು ಕೇಳಿದಳು.

"ನಮ್ಮ ನಾಯೀನ ತಿಂದಿರಬೇಕಂತ ನಾಚಿಕಿ ಆತು," ಎಂದಳು ಕಾಶವ್ವ. "ನಿನಗ ಮಾರಿ ತೋರ್ಸಾಕ ಆಗಲಿಲ್ಲ."

"ಬಂಗಾರ ತಗೋ. ಬಂಗಾರದಂಗ ಇರೂಣು."

ಬೆಳಿಗ್ಗೆ ಆಡಿದ ಮಾತನ್ನು ನೀಲವ್ವ ಹೇಳಲಿಲ್ಲ. ನನಗೂ ಬಾಯಿಲ್ಲ. ನಾನು ಕ್ಲಿಕ್ ಎಂದೆ. ಗೂಡಿಗೆ ಗುರಿಯಿಟ್ಟ ನನಗೆ ನಿಂತವರ ಮುಖ ಸಿಗಲಿಲ್ಲ. ನಾಲ್ಕು ಕೈ, ನಡುವೆ ಒಂದಿಷ್ಟು ಹಸಿರೆಲೆ.

ಈಗ ನಾನು ಬಸಲಿಂಗಪ್ಪನ ಅಂಗಡಿಯ ಮೂಲೆಯಲ್ಲಿದ್ದೇನೆ. ಸೆನ್ಸರ್ ಸತ್ತಿದೆ, ಹೊಟ್ಟೆಯ ತುಂಬ ತುಕ್ಕು ಹಿಡಿದ ಸ್ಕ್ರೂಗಳು. ಪ್ರತಿ ಖಂಡೇನವಮಿಗೆ ನೀಲವ್ವ ಕೋಲೂರಿಕೊಂಡು ಬಂದು ನನ್ನ ಬೆನ್ನಿಗೆ ವಿಭೂತಿ ಹಚ್ಚುತ್ತಾಳೆ. ಮುಂದಿನ ಗಾಜನ್ನು ಮಾತ್ರ ಸೆರಗಿನಿಂದ ಚೆನ್ನಾಗಿ ಒರೆಸುತ್ತಾಳೆ. ಒಳಗೆ ಕ್ಯಾಮೆರಾ ಇಲ್ಲವೆಂದು ಅವಳಿಗೆ ಯಾರೂ ಹೇಳಿಲ್ಲ.