ಸುಪ್ರದ ಸುತ್ತ ಇಪ್ಪತ್ತು ಜನ

ಪೆನ್ಸಿಲ್ ಹಿಡಿದ ತನ್ನ ಕೈಯ ಮೇಲೇ ಮುಫೀದಾಳಿಗೆ ಹೇಸಿಗೆ ಹುಟ್ಟಿದ್ದು ಆಲೆಟ್ಟಿಯಲ್ಲಿ, ಆದಂ ಕುಂಞಿಯವರ ಹೊಸ ಮನೆಯ ಒಕ್ಕಲಿನ ದಿನ.

ಆ ಕೈ ಕಡಿಮೆ ಕಷ್ಟಪಟ್ಟಿರಲಿಲ್ಲ. ಒಂದು ವರ್ಷ ಪ್ರತಿ ಭಾನುವಾರ ಮಹೇಶ್ವರ ಮಾಸ್ತರರ ಡ್ರಾಯಿಂಗ್ ಕ್ಲಾಸು. ಉಳಿದ ದಿನ ಬೆಳಿಗ್ಗೆ, ಆಫೀಸಿರುವ ದರ್ಬೆಯ ಕಾಂಪ್ಲೆಕ್ಸಿನಲ್ಲಿ ಶಟರ್‌ಗಳು ಏಳುವ ಮೊದಲು ವರಾಂಡದ ತುದಿಯಲ್ಲಿ ನಿಂತು, ನೆಲದ ಟೈಲ್ಸು, ಮಾಡಿನ ಅಂಚು ಎಲ್ಲವೂ ದೂರದ ಒಂದೇ ಬಿಂದುವಿಗೆ ಓಡಿ ಸೇರುವುದನ್ನು ಬರೆಯುತ್ತಿದ್ದಳು. ನಲವತ್ತು ಹಾಳೆ ಹಾಳಾದವು. ನಲವತ್ತೊಂದನೆಯದರಲ್ಲಿ ಚಪ್ಪಟೆ ಕಾಗದದಲ್ಲಿ ವರಾಂಡ ಒಳಕ್ಕೆ ಇಳಿಯಿತು, ಅವಳು ಒಬ್ಬಳೇ ನಕ್ಕುಬಿಟ್ಟಳು.

ಮಾಸ್ತರರು ಒಂದು ಮಾತನ್ನು ತಲೆಗೆ ತುರುಕಿದ್ದರು. "ನೀನು ನಿಂತು ನೋಡಿ ಬರೆದ್ರೆ, ನಿಂತವರ ತಲೆಯೆಲ್ಲ ನಿನ್ನ ಕಣ್ಣಿನ ಗೆರೆಗೇ ಬರ್ಬೇಕು. ಹತ್ತಿರದವನದ್ದೂ ಅಷ್ಟೇ, ದೂರದವನದ್ದೂ ಅಷ್ಟೇ. ಅದು ತಪ್ಪಿದ್ರೆ ಕೋಣೆಯ ಅಳತೆಯೇ ಸುಳ್ಳು."

ಅವಳು ಕೆಲಸಕ್ಕಿದ್ದದ್ದು ಮನೆ ಕಟ್ಟಿಸಿಕೊಡುವ ಹೈದರನ ಆಫೀಸಿನಲ್ಲಿ. ಗಲ್ಫಿನಲ್ಲಿರುವವರಿಗೆ ಮನೆಯ ಚಿತ್ರ ಬರೆದು ವಾಟ್ಸಾಪ್ ಮಾಡುವುದು ಅವಳ ಪಾಲಿನದು. ಆದಂ ಕುಂಞಿ ಅವಳ ಅಪ್ಪನ ಹಳೆಯ ದೋಸ್ತಿ, ದಮ್ಮಾಮಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಅವರು ಫೋನಿನಲ್ಲಿ ಕೇಳಿದ್ದು ಒಂದೇ.

"ಹಬ್ಬದ ದಿನ ಹಾಲ್‌ನ ನೆಲದಲ್ಲಿ ಊಟದ ಒಂದೇ ಸುಪ್ರ ಹಾಸಿ ಇಪ್ಪತ್ತು ಜನ ಸುತ್ತ ಕೂತು ಉಣ್ಬೇಕು. ಪ್ಲಾನಿನ ಅಂಕಿ ನನಗೆ ತಲೆಗೆ ಹೋಗುದಿಲ್ಲ. ನೀನು ಚಿತ್ರ ಬರೆದು ಕಳಿಸು, ಸಾಕು."

ಮುಫೀದಾ ಸರಿಯಾಗಿಯೇ ಬರೆದಳು. ಹೈದರ್ ನೋಡಿ ಮುಖ ಸಿಂಡರಿಸಿದ.

"ಎಂತ ಮಾರಾಯ್ತಿ, ಕೋಳಿಗೂಡಿನ ಹಾಗೆ ಕಾಣ್ತದೆ! ಜನರನ್ನು ಸಣ್ಣ ಮಾಡು."

"ಅಳತೆ ತಪ್ತದೆ ಸರ್."

"ಪ್ಲಾನಿನಲ್ಲಿ ಫೀಟು ಸರಿ ಬರೆದುಂಟಲ್ಲ? ಮತ್ತೆ ನಾವೆಂತ ಸುಳ್ಳು ಹೇಳುದು?"

ಅವಳು ಜನರನ್ನು ಸಣ್ಣ ಮಾಡಿ ಇಪ್ಪತ್ತೂ ಜನರನ್ನು ಕೂರಿಸಿದಳು. ಅಷ್ಟೇ ಅಲ್ಲ, ಕೆಲಸ ನಾಜೂಕಾಗಿ ಬಂತೆಂದು ಒಳಗೊಳಗೇ ಹಿಗ್ಗಿದಳು ಕೂಡ. ನಾಚಿಕೆಗೆಟ್ಟ ಹಿಗ್ಗು ಅದು.

ಒಕ್ಕಲಿನ ದಿನ ಸುಪ್ರ ಹಾಸಿದರು. ಹನ್ನೊಂದು ಜನ ಮೊಣಕಾಲಿಗೆ ಮೊಣಕಾಲು ಒತ್ತಿ ಕೂತರು, ಹಾಲ್ ಮುಗಿಯಿತು. ಎಂಟು ಜನ ಹೊರಗೆ ಸಿಟ್‌ಔಟಿಗೆ ಹೋದರು. ಆದಂ ಕುಂಞಿಯವರ ಅಕ್ಕ ರುಖಿಯಮ್ಮ ಬಟ್ಟಲು ಹಿಡಿದು ಅಡಿಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಕೂತರು.

"ಗಲ್ಫಿನ ಊಟ ತಿಂದು ನಮ್ಮವರೇ ದಪ್ಪ ಆದದ್ದು," ಎಂದರು ಆದಂ ಕುಂಞಿ ಸಂಕೋಚದಿಂದ. ಆಮೇಲೆ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಚಿತ್ರ ತೋರಿಸಿದರು. "ನೋಡಿ, ನಮ್ಮ ಮುಫೀದಾ ಬರೆದದ್ದು. ಎಷ್ಟು ಚಂದ!"

ಹನ್ನೊಂದರಲ್ಲಿ ಒಬ್ಬನಾಗಿ ಕೂತಿದ್ದ ಹೈದರ್ ಎಲುಬು ಚೀಪುತ್ತಾ, "ಹೌದು ಹೌದು, ದಪ್ಪ ಆಗಿದ್ದಾರೆ," ಎಂದು ನಕ್ಕ. ತುಪ್ಪ ಅವನ ಗಲ್ಲಕ್ಕೆ ಇಳಿದಿತ್ತು. ಮುಫೀದಾ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೇ ಹಾಕಿದಳು. ಅವನನ್ನು ಕಂಡು ಅಸಹ್ಯವಾಯಿತು, ತನ್ನನ್ನು ನೆನೆದು ಅದಕ್ಕಿಂತ ಹೆಚ್ಚು.

ಎದ್ದು ಕೈ ತೊಳೆದು ಬ್ಯಾಗಿನಿಂದ ಮಾರ್ಕರ್ ತೆಗೆದಳು. ಚಿತ್ರದ ಗಾಜಿನ ಮೇಲೆ, ತಲೆ ಕಣ್ಣಿನ ಗೆರೆಗೆ ಮುಟ್ಟುವ ಹಾಗೆ, ನಿಂತ ಆದಂ ಕುಂಞಿಯವರನ್ನು ಬರೆದಳು. ಚಿತ್ರದಲ್ಲಿ ಸುತ್ತ ಕೂತಿದ್ದ ಇಪ್ಪತ್ತು ಜನ ಅವರ ಮುಂದೆ ಆಟದ ಗೊಂಬೆಗಳಾದರು. ಅದೇ ಅಳತೆಗೆ ಸುಪ್ರದ ಸುತ್ತ ಒಬ್ಬೊಬ್ಬರನ್ನೇ ಕೂರಿಸುತ್ತಾ ಹೋದಳು. ಹನ್ನೊಂದಕ್ಕೆ ಜಾಗ ಮುಗಿಯಿತು.

ಆದಂ ಕುಂಞಿ ಗಾಜಿನ ಮೇಲಿನ ತಲೆಗಳನ್ನು ಬೆರಳಿಟ್ಟು ಎಣಿಸಿದರು.

"ಇದು ನಿನಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು ಕಾಕ. ಹೈದರ್ ಸರ್ ಹೇಳಿದ್ರು ಅಂತ..."

"ಹೈದರನನ್ನು ನಾನು ಯಾವಾಗ ನಂಬಿದ್ದು?" ಎಂದರು ಅವರು. "ನೀನಿದ್ದೀ ಅಂತ ಅಲ್ವಾ ಮನೆ ಕಟ್ಟುದನ್ನು ಅಲ್ಲಿಗೆ ಕೊಟ್ಟದ್ದು?"